ಬಾವಿಯ ಆಳ ಬಲ್ಲವರ ಮಾತು

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಆದರೆ ಹಾಗೆ ತಳ್ಳಿಸಿಕೊಂಡವನೊಬ್ಬ ಮುಳುಗಿ, ನೀರು ಕುಡಿದು, ಹೇಗೋ ಬದುಕಿ ಮೇಲೆ ಬಂದು, ಬಾವಿಯ ಕಟ್ಟೆಯ ಮೇಲೆ ಕುಳಿತು, ಆಳವೆಷ್ಟೆಂದು ನಾನೇ ಹೇಳುತ್ತೇನೆ, ಇನ್ನೊಬ್ಬನನ್ನು ತಳ್ಳಬೇಡಿರಪ್ಪಾ ಎಂದು ಬೇಡಿಕೊಂಡರೆ ತಳ್ಳುವವರು ಏನು ಮಾಡುತ್ತಾರೆ? ಅವನೊಡನೆ ವಾದಕ್ಕಿಳಿಯುವುದಿಲ್ಲ. ಅವನು ಸಾಯುವುದನ್ನು ಕಾಯುತ್ತಾರೆ. ಜಪಾನಿನಲ್ಲಿ ನಡೆದಿರುವುದು ಇದೇ.

೨೦೨೨ನೆಯ ಇಸವಿ ಡಿಸೆಂಬರ್ ೧೬ರಂದು ಅಲ್ಲಿನ ಕಿಶಿದಾ ಮಂತ್ರಿಮಂಡಲವು ಮೂರು ಕಾಗದಗಳಿಗೆ ಒಪ್ಪಿಗೆಯಿತ್ತಿತು. ಐದು ವರ್ಷಗಳಲ್ಲಿ ಸೈನ್ಯಕ್ಕೆ ೪೩ ಲಕ್ಷ ಕೋಟಿ ಯೆನ್. ರಾಷ್ಟ್ರೀಯ ಉತ್ಪನ್ನದಲ್ಲಿ ನೂರಕ್ಕೆ ಒಂದರ ಆಸುಪಾಸಿನಲ್ಲಿದ್ದ ಸೈನಿಕ ವೆಚ್ಚ ೨೦೨೭ರ ಹೊತ್ತಿಗೆ ನೂರಕ್ಕೆ ಎರಡು. ಶತ್ರುವಿನ ನೆಲಕ್ಕೇ ಹೋಗಿ ಬೀಳುವ ದೂರದ ಕ್ಷಿಪಣಿಗಳು. ಅವುಗಳಲ್ಲಿ ಅಮೆರಿಕದಿಂದ ಕೊಳ್ಳುವ ಟೊಮಾಹಾಕ್ ೪೦೦ರವರೆಗೆ. ೨೦೨೫ರ ಅಕ್ಟೋಬರಿನಲ್ಲಿ ಪ್ರಧಾನಿಯಾದ ಸನಾಯೆ ತಕಾಯಿಚಿಯವರಿಗೆ ಆ ಅವಧಿಯೂ ದೀರ್ಘವೆನಿಸಿತು. ನೂರಕ್ಕೆ ಎರಡರ ಗುರಿಯನ್ನು ಎರಡು ವರ್ಷ ಮುಂಚೆಯೇ ಮುಟ್ಟುತ್ತೇವೆಂದು ಪಾರ್ಲಿಮೆಂಟಿನಲ್ಲಿ ಸಾರಿದರು. ಯುದ್ಧವನ್ನೇ ತ್ಯಜಿಸಿದ್ದೇವೆಂದು ರಾಜ್ಯಾಂಗದಲ್ಲಿ ಬರೆದುಕೊಂಡಿರುವ ದೇಶ ಇದು!

ಕಿಶಿದಾ ಹುಟ್ಟಿದ್ದು ೧೯೫೭ರಲ್ಲಿ. ತಕಾಯಿಚಿ ೧೯೬೧ರಲ್ಲಿ. ಇವರಿಬ್ಬರಿಗೂ ಮುಂಚೆ ಈ ದಾರಿಯನ್ನು ಕಡಿದು ಕೊಟ್ಟ ಶಿಂಜೊ ಅಬೆ ೧೯೫೪ರಲ್ಲಿ. ಹಳೆಯ ಯುದ್ಧದ ಗುಂಡಿನ ಸದ್ದು ಕೇಳಿದವರು ಇವರಲ್ಲಿ ಒಬ್ಬರೂ ಇಲ್ಲ. ಕೇಳಿದವರೋ? ೧೯೪೫ರಲ್ಲಿ ೧೯ನೆಯ ವಯಸ್ಸಿಗೆ ಸೈನ್ಯಕ್ಕೆ ಎಳೆದೊಯ್ದ ಹುಡುಗ ಇಂದು ಬದುಕಿದ್ದರೆ ಅವನಿಗೆ ನೂರರ ಹತ್ತಿರ. ಆ ಹುಡುಗರು ಬದುಕಿ, ಮುದುಕರಾಗಿ, ಸಾಯುವ ಮುಂಚೆ ಏನು ಹೇಳಿದರು ಎಂಬುದೇ ಇಲ್ಲಿ ನಮ್ಮ ವಿಷಯ.

ಗಿರಣಿಯಲ್ಲಿ ಪಾಳಿಯ ಮೇಲೆ ಪಾಳಿ ದುಡಿಯುವವರಿಗೆ, ಬೆಳಗಿನಿಂದ ರಾತ್ರಿಯವರೆಗೆ ತಕ್ಕಡಿ ಹಿಡಿಯುವವರಿಗೆ ಜಪಾನಿನ ಗೊಡವೆ ಏಕೆಂದು ಓದುಗರಲ್ಲಿ ಕೆಲವರು ಕೇಳಿಯಾರು. ಆ ಸೈನ್ಯ ನಮ್ಮ ಅಂಡಮಾನಿನಲ್ಲಿ ೧೯೪೨ರಿಂದ ೧೯೪೫ರವರೆಗೆ ಕುಳಿತಿತ್ತು. ನಮ್ಮ ಮಣಿಪುರದ ಬೆಟ್ಟಗಳಲ್ಲಿ ಸತ್ತಿತು. ಅದೊಂದು ಕಾರಣ. ಇನ್ನೊಂದು, ಯಾವ ದೇಶದಲ್ಲಾದರೂ ಸಿಪಾಯಿ ಯಾರ ಮನೆಯಿಂದ ಹೋಗುತ್ತಾನೆಂಬುದು ನಮ್ಮ ಓದುಗರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಕಾನೂನಿನ ಮಾತನ್ನು ಮುಗಿಸಿಬಿಡೋಣ. ೧೯೪೭ರ ಮೇ ೩ರಂದು ಜಾರಿಗೆ ಬಂದ ಜಪಾನಿನ ರಾಜ್ಯಾಂಗದ ೯ನೆಯ ವಿಧಿ ಎರಡು ಸಂಗತಿ ಹೇಳುತ್ತದೆ: ಯುದ್ಧ ಮಾಡುವ ಹಕ್ಕನ್ನು ಎಂದೆಂದಿಗೂ ಬಿಟ್ಟಿದ್ದೇವೆ, ಭೂಸೇನೆ, ನೌಕಾಸೇನೆ, ವಾಯುಸೇನೆಗಳನ್ನು ಇಟ್ಟುಕೊಳ್ಳುವುದಿಲ್ಲ. ಮೂರು ವರ್ಷ ಕಳೆಯಿತು, ಕೊರಿಯದಲ್ಲಿ ಯುದ್ಧ ಹತ್ತಿತು. ಆ ವಿಧಿ ಬರುವಾಗ ಜಪಾನಿನ ಮೇಲೆ ಅಧಿಕಾರ ನಡೆಸುತ್ತಿದ್ದ ಅದೇ ಮೆಕಾರ್ಥರ್ ಸಾಹೇಬರು ೧೯೫೦ರಲ್ಲಿ ೭೫,೦೦೦ ಜನರ ಪಡೆಯೊಂದನ್ನು ಕಟ್ಟಲು ಅಪ್ಪಣೆ ಮಾಡಿದರು. ಅದರ ಹೆಸರು ಮೊದಲು ಪೊಲೀಸ್ ಮೀಸಲು ಪಡೆ. ೧೯೫೪ರಿಂದ ಆತ್ಮರಕ್ಷಣಾ ಪಡೆ. ಟ್ಯಾಂಕನ್ನು ಟ್ಯಾಂಕೆನ್ನಲೂ ನಾಚಿಕೊಂಡು ಕೆಲಕಾಲ ‘ವಿಶೇಷ ವಾಹನ’ವೆಂದು ಕರೆದರಂತೆ. ಹುಲಿಗೆ ಹಸುವೆಂದು ಹೆಸರಿಟ್ಟರೆ ಅದು ಹುಲ್ಲು ಮೇಯ್ದೀತೆ? ಆದರೂ ಒಂದು ಮಾತು ಒಪ್ಪಬೇಕು: ಆ ಪಡೆ ಬಹುಕಾಲ ಕಟ್ಟಿಹಾಕಿದ ಹುಲಿಯಾಗಿಯೇ ಇತ್ತು. ೧೯೭೬ರಲ್ಲಿ ವೆಚ್ಚಕ್ಕೆ ನೂರಕ್ಕೆ ಒಂದರ ಮಿತಿ ಹಾಕಿದರು. ಆಯುಧಗಳನ್ನು ಹೊರದೇಶಕ್ಕೆ ಮಾರಲು ಕೂಡದೆಂಬ ಕಟ್ಟನ್ನು ಬಿಗಿಗೊಳಿಸಿದರು. ಕಟ್ಟಿನ ಹಗ್ಗ ಹಿಡಿದು ಕುಳಿತಿದ್ದವರಲ್ಲಿ ಯುದ್ಧ ಕಂಡು ಬಂದವರು ಬಹಳ ಮಂದಿ ಇದ್ದರು. ಅವರು ಏನು ಕಂಡು ಬಂದಿದ್ದರು?

ಅಕಿರ ಫುಜಿವಾರ ಎಂಬವರ ಲೆಕ್ಕವನ್ನು ಕೇಳಿರಿ. ಅವರು ಸೈನಿಕ ಶಾಲೆಯಲ್ಲಿ ಓದಿ, ಚೀನದ ರಣಭೂಮಿಯಲ್ಲಿ ಒಂದು ಕಂಪನಿಯ ಅಧಿಕಾರಿಯಾಗಿ ಕಾದಾಡಿ ಬಂದವರು. ಯುದ್ಧ ಮುಗಿದ ಮೇಲೆ ಇತಿಹಾಸ ಓದಿ ಪ್ರಾಧ್ಯಾಪಕರಾದರು. ಕೊನೆಗಾಲದಲ್ಲಿ, ೨೦೦೧ರಲ್ಲಿ, ಒಂದು ಪುಸ್ತಕ ಪ್ರಕಟಿಸಿದರು. ಆ ಯುದ್ಧದಲ್ಲಿ ಸತ್ತ ಜಪಾನೀ ಸೈನಿಕರು ಸುಮಾರು ೨೩ ಲಕ್ಷ. ಅವರಲ್ಲಿ ೧೪ ಲಕ್ಷದಷ್ಟು ಜನ ಸತ್ತದ್ದು ಗುಂಡಿನಿಂದಲ್ಲ, ಗಂಜಿಯಿಲ್ಲದೆ. ಹಸಿವು, ಹಸಿವಿನಿಂದ ಮೈ ಸೋತಾಗ ಹತ್ತುವ ಮಲೇರಿಯ, ಆಮಶಂಕೆ. ಬೇರೆ ಇತಿಹಾಸಕಾರರು ಈ ಸಂಖ್ಯೆಯನ್ನು ಕಡಮೆ ಮಾಡುತ್ತಾರೆ; ಮಾಡಲಿ. ಲಕ್ಷಾಂತರ ಮಂದಿ ಹೊಟ್ಟೆಗಿಲ್ಲದೆ ಸತ್ತರೆಂಬುದನ್ನು ಅವರೂ ಅಲ್ಲಗಳೆಯುವುದಿಲ್ಲ. ದೇಶಕ್ಕಾಗಿ ಪ್ರಾಣ ಕೊಟ್ಟ ವೀರರೆಂದು ಗುಡಿಯಲ್ಲಿ ಗಂಟೆ ಬಾರಿಸುತ್ತಾರಲ್ಲ, ಆ ವೀರನಿಗೆ ಸಾಯುವ ಹಿಂದಿನ ದಿನ ಒಂದು ಹಿಡಿ ಅಕ್ಕಿ ಕಳುಹಿಸುವ ಯೋಗ್ಯತೆ ಆ ದೇಶದ ಸೇನಾಪತಿಗಳಿಗೆ ಇರಲಿಲ್ಲ. ಅಕ್ಕಿಯ ಯೋಚನೆ ಅವರ ನಕ್ಷೆಯಲ್ಲಿಯೇ ಇರಲಿಲ್ಲ.

ಈ ಮಾತಿಗೆ ಸಾಕ್ಷಿ ನಮ್ಮ ನೆಲದಲ್ಲಿಯೇ ಇದೆ. ೧೯೪೪ರ ಮಾರ್ಚಿಯಲ್ಲಿ ಜನರಲ್ ಮುತಾಗುಚಿ ಎಂಬಾತ ಬರ್ಮಾ ಕಡೆಯಿಂದ ಇಂಫಾಲದ ಮೇಲೆ ಸೈನ್ಯ ನಡೆಸಿದ. ನೇತಾಜಿಯವರ ಸೇನೆಯ ತುಕಡಿಗಳೂ ಜೊತೆಗಿದ್ದವು. ಮೂರು ವಾರದ ಆಹಾರ ಹೊತ್ತು ಹೊರಡಿರಿ, ಅಷ್ಟರಲ್ಲಿ ಇಂಫಾಲ ಕೈಸೇರುತ್ತದೆ, ಅಲ್ಲಿ ಇಂಗ್ಲಿಷರ ಉಗ್ರಾಣದಲ್ಲಿ ಉಣ್ಣಿರಿ ಎಂಬುದು ಆತನ ಯೋಜನೆ. ದಾರಿಯಲ್ಲಿ ಸಾಮಾನು ಹೊರಲು, ಆಮೇಲೆ ಕೊಯ್ದು ತಿನ್ನಲು ಎತ್ತು ದನಗಳನ್ನು ಅಟ್ಟಿಕೊಂಡು ಹೋಗಿರೆಂದ. ದನಗಳಲ್ಲಿ ಎಷ್ಟೋ ಚಿಂದ್ವಿನ್ ನದಿಯಲ್ಲಿಯೇ ಕೊಚ್ಚಿಹೋದವು. ಉಳಿದವು ಬೆಟ್ಟದ ದಾರಿಯಲ್ಲಿ ಬಿದ್ದವು. ಮಳೆಗಾಲ ಹಿಡಿಯಿತು. ಕೊಹಿಮಾದಲ್ಲಿದ್ದ ಡಿವಿಜನ್ನಿನ ಅಧಿಕಾರಿ ಸಾತೊ, ತನ್ನ ಜನಕ್ಕೆ ಗುಂಡೂ ಇಲ್ಲ, ಊಟವೂ ಇಲ್ಲವೆಂದು ಅಪ್ಪಣೆ ಮೀರಿ ಅವರನ್ನು ಹಿಂದಕ್ಕೆ ಕರೆದೊಯ್ದ. ಆತನನ್ನು ವಿಚಾರಣೆಗೆ ನಿಲ್ಲಿಸಿದರೆ ಬಾಯಿ ಬಿಟ್ಟಾನೆಂದು ಹೆದರಿ, ತಲೆ ಕೆಟ್ಟಿದೆಯೆಂದು ಷರಾ ಬರೆದು ಮುಚ್ಚಿಹಾಕಿದರು. ಸುಮಾರು ೩೦,೦೦೦ ಜನ ಸತ್ತರು. ಹಿಂದಿರುಗಿದ ದಾರಿಗೆ ಬದುಕಿದ ಸಿಪಾಯಿಗಳು ಇಟ್ಟ ಹೆಸರು ಬಿಳಿಯ ಮೂಳೆಗಳ ಹೆದ್ದಾರಿ. ಮುತಾಗುಚಿ? ಮನೆಗೆ ಹಿಂದಿರುಗಿ, ೧೯೬೬ರವರೆಗೆ ಬದುಕಿ, ಕೊನೆಯ ವರ್ಷಗಳಲ್ಲಿ ತಪ್ಪು ತನ್ನದಲ್ಲವೆಂದು ವಾದಿಸುತ್ತಲೇ ತೀರಿಕೊಂಡ.

ಇಂತಹ ದಾರಿಯಲ್ಲಿ ನಡೆದು ಬಂದವನಿಗೆ ‘ರಾಷ್ಟ್ರದ ಭದ್ರತೆ’ ಎಂಬ ಮಾತು ಹೇಗೆ ಕೇಳಿಸೀತು?

ಶಿಗೆರು ಮಿಜುಕಿ ಎಂಬವರ ಹೆಸರು ಜಪಾನಿನ ಪ್ರತಿಯೊಂದು ಮಗುವಿಗೂ ಗೊತ್ತು. ಭೂತಪ್ರೇತಗಳ ಚಿತ್ರಕಥೆ ಬರೆದು ಮಕ್ಕಳನ್ನು ನಗಿಸಿದವರು. ಆ ಚಿತ್ರಗಳನ್ನು ಅವರು ಬರೆದದ್ದು ಒಂದೇ ಕೈಯಿಂದ. ಎಡಗೈ ನ್ಯೂ ಬ್ರಿಟನ್ ದ್ವೀಪದಲ್ಲಿ ಬಾಂಬಿಗೆ ಹೋಯಿತು. ೧೯೭೩ರಲ್ಲಿ ಅವರು ಬರೆದ ಒಂದು ಚಿತ್ರಕಥೆಯಲ್ಲಿ, ಸಾಯಬೇಕೆಂದು ಅಪ್ಪಣೆಯಾಗಿದ್ದ ತುಕಡಿಯಲ್ಲಿ ಕೆಲವರು ಬದುಕಿ ಉಳಿಯುತ್ತಾರೆ. ಉಳಿದದ್ದೇ ತಪ್ಪಾಯಿತು! ಸತ್ತರೆಂದು ವರದಿ ಹೋಗಿಬಿಟ್ಟಿದೆ, ವರದಿ ಸುಳ್ಳಾಗಬಾರದು, ಆದುದರಿಂದ ಮತ್ತೆ ಹೋಗಿ ಸಾಯಿರಿ. ಅದರಲ್ಲಿ ಬಹುಪಾಲು ತಾನು ಕಂಡದ್ದೇ ಎಂದು ಅವರೇ ತಿಳಿಸಿದ್ದಾರೆ. ಕಾರಖಾನೆಯ ಕಚೇರಿಯಲ್ಲಿ ರಿಜಿಸ್ಟರನ್ನು ಸರಿಮಾಡಲು ಕೂಲಿಗಾರನ ಹೊಟ್ಟೆಯ ಮೇಲೆ ಹೊಡೆಯುವುದನ್ನು ನಾವು ಕಂಡಿದ್ದೇವೆ. ಸೈನ್ಯದಲ್ಲಿ ರಿಜಿಸ್ಟರಿಗೆ ತಕ್ಕಂತೆ ಮನುಷ್ಯನನ್ನೇ ತೆಗೆದುಹಾಕುತ್ತಾರೆ. ಅಷ್ಟೇ ವ್ಯತ್ಯಾಸ.

ಕನಾಮೆ ಹರಾದ ಎಂಬವರು ಯುದ್ಧವಿಮಾನದ ಹೆಸರಾಂತ ಚಾಲಕ. ಪರ್ಲ್ ಹಾರ್ಬರ್‌ನಲ್ಲಿ ಹಡಗುಗಳ ಮೇಲೆ ಕಾವಲು ಹಾರಿದವರು. ೧೯೪೨ರ ಏಪ್ರಿಲಿನಲ್ಲಿ ಕೊಲಂಬೋ ಮೇಲೆ ದಾಳಿಗೆ ಬಂದವರು. ಮಿಡ್ವೇಯಲ್ಲಿ ಸಮುದ್ರಕ್ಕೆ ಬಿದ್ದು ಉಳಿದವರು. ಯುದ್ಧ ಮುಗಿದ ಮೇಲೆ ನಾಗಾನೊ ಪಟ್ಟಣದಲ್ಲಿ ಶಿಶುವಿಹಾರ ನಡೆಸಿದರು. ಮೇಷ್ಟರ ಕಸುಬು ಮಾಡಿದ ನಮಗೆ ಈ ಮನುಷ್ಯನ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ, ಅದನ್ನು ಮುಚ್ಚಿಡುವುದಿಲ್ಲ. ಬಹಳ ವರ್ಷ ಬಾಯಿ ಬಿಡದಿದ್ದವರು ೧೯೯೧ರ ಕೊಲ್ಲಿ ಯುದ್ಧದ ಕಾಲದಲ್ಲಿ, ಬಾಂಬು ಬೀಳುವುದು ಟೆಲಿವಿಷನ್ ಆಟದ ಹಾಗಿದೆಯೆಂದು ಹುಡುಗರು ಆಡಿಕೊಂಡದ್ದನ್ನು ಕೇಳಿ ಮಾತಿಗೆ ತೊಡಗಿದರು. ತಾನು ಹತ್ತಿರ ಹಾರಿ ಹೊಡೆದುರುಳಿಸಿದ ಚಾಲಕರ ಮುಖಗಳು ಕಣ್ಣಿಗೆ ಕಟ್ಟಿವೆ, ಅವರೂ ಮಕ್ಕಳೊಂದಿಗರು, ಅವರ ಮೇಲೆ ತನಗೆ ದ್ವೇಷವಿರಲಿಲ್ಲ ಎಂದು ಸಭೆಸಭೆಗಳಲ್ಲಿ ಹೇಳಿದರು. ತೊಂಬತ್ತು ದಾಟಿದ ಮೇಲೂ ಹೇಳುತ್ತಲೇ ಇದ್ದರು.

ತೋತ ಕನೆಕೊ ಕವಿ. ಟ್ರುಕ್ ದ್ವೀಪದಲ್ಲಿ ನೌಕಾಸೇನೆಯ ಲೆಕ್ಕಪತ್ರದ ಅಧಿಕಾರಿಯಾಗಿದ್ದು, ಕೈಕೆಳಗಿನ ಕೆಲಸಗಾರರು ಹಸಿವಿನಿಂದ ಒಬ್ಬೊಬ್ಬರಾಗಿ ಉದುರುವುದನ್ನು ಕಂಡವರು. ಹಿಂದಿರುಗಿ ಬಂದು ಜಪಾನಿನ ಕೇಂದ್ರ ಬ್ಯಾಂಕಿನಲ್ಲಿ ನೌಕರಿ ಮಾಡುತ್ತ ನೌಕರರ ಸಂಘ ಕಟ್ಟಿದರು. ಸಂಘ ಕಟ್ಟಿದವನಿಗೆ ಧಣಿಗಳು ಕೊಡುವ ಬಹುಮಾನ ಏನೆಂದು ನಮ್ಮ ಗಿರಣಿ ಬಂಧುಗಳಿಗೆ ಗೊತ್ತು: ಊರಿಂದೂರಿಗೆ ವರ್ಗ. ಅದನ್ನೂ ಉಂಡರು. ೨೦೧೫ರಲ್ಲಿ, ೯೫ರ ವಯಸ್ಸಿನಲ್ಲಿ, ಅಬೆಯ ರಾಜಕೀಯವನ್ನು ಸಹಿಸೆವು ಎಂಬರ್ಥದ ಘೋಷಣೆಯನ್ನು ದಪ್ಪ ಕುಂಚದಿಂದ ಬರೆದುಕೊಟ್ಟರು. ಆ ಕೈಬರಹದ ಹಾಳೆಯನ್ನು ಸಾವಿರಾರು ಜನ ದೇಶದ ಬೀದಿಬೀದಿಗಳಲ್ಲಿ ಎತ್ತಿ ಹಿಡಿದರು.

ಏತಕ್ಕೆ ಬರೆದುಕೊಟ್ಟರು? ೨೦೧೪ರ ಜುಲೈ ೧ರಂದು ಅಬೆ ಮಂತ್ರಿಮಂಡಲ, ರಾಜ್ಯಾಂಗದ ಒಂದು ಅಕ್ಷರವನ್ನೂ ತಿದ್ದದೆ, ಅದರ ಅರ್ಥವನ್ನು ಮಾತ್ರ ತಿದ್ದಿತು. ಜಪಾನಿನ ಮೇಲೆ ಯಾರೂ ಕೈಯೆತ್ತದಿದ್ದರೂ, ಮಿತ್ರರಾಷ್ಟ್ರದ ಮೇಲೆ ಎತ್ತಿದರೆ, ಅದರಿಂದ ಜಪಾನಿನ ಉಳಿವಿಗೆ ಧಕ್ಕೆಯಿದೆಯೆಂದು ಸರಕಾರಕ್ಕೆ ತೋರಿದರೆ, ಯುದ್ಧಕ್ಕೆ ಹೋಗಬಹುದು. ತಿದ್ದುಪಡಿ ಮಾಡಬೇಕಾದರೆ ಎರಡೂ ಸಭೆಗಳಲ್ಲಿ ಮೂರರಲ್ಲೆರಡು ಮತ ಬೇಕು, ಆಮೇಲೆ ಜನಮತ ಬೇಕು. ಜನ ಒಪ್ಪುವುದಿಲ್ಲವೆಂಬ ಅನುಮಾನವಿದ್ದಾಗ ಅರ್ಥವನ್ನು ತಿದ್ದುವುದು ಸುಲಭ! ಮರುವರ್ಷ ಸೆಪ್ಟೆಂಬರ್ ೧೯ರ ಬೆಳಗಿನ ಜಾವ, ಹೊರಗೆ ಬೀದಿಯಲ್ಲಿ ಜನ ಕೂಗುತ್ತಿರುವಂತೆಯೇ, ಕಾನೂನು ಪಾಸಾಯಿತು.

ಒಕಿನಾವದ ಮಸಹಿದೆ ಓತ ಅವರನ್ನು ಬಿಡಲು ಬಾರದು. ೧೯೪೫ರಲ್ಲಿ ಅವರು ನಮ್ಮಂತೆಯೇ ಮೇಷ್ಟರಾಗಲು ಟ್ರೈನಿಂಗ್ ಶಾಲೆಯಲ್ಲಿ ಓದುತ್ತಿದ್ದ ಹುಡುಗ. ಆ ಹುಡುಗರ ಕೈಗೆ ಬಂದೂಕು ಕೊಟ್ಟು ‘ಉಕ್ಕು ರಕ್ತದ ದಳ’ವೆಂದು ಹೆಸರಿಟ್ಟು ಯುದ್ಧಕ್ಕೆ ನೂಕಿದರು. ಸಹಪಾಠಿಗಳು ಬಹುಮಂದಿ ಸತ್ತರು. ಓತ ಬದುಕಿ, ಪ್ರಾಧ್ಯಾಪಕರಾಗಿ, ೧೯೯೦ರಲ್ಲಿ ಒಕಿನಾವದ ಗವರ್ನರಾದರು. ಅಮೆರಿಕದ ಸೈನ್ಯಕ್ಕೆ ರೈತರ ಭೂಮಿಯನ್ನು ಗೇಣಿಗೆ ಮುಂದುವರಿಸುವ ಕಾಗದಕ್ಕೆ ೧೯೯೫ರಲ್ಲಿ ರುಜು ಹಾಕಲು ಒಪ್ಪಲಿಲ್ಲ. ಕೇಂದ್ರ ಸರಕಾರ ಕೋರ್ಟಿಗೆಳೆಯಿತು. ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ವಿರುದ್ಧ ತೀರ್ಪಿತ್ತಿತು. ಅವರು ಕಟ್ಟಿಸಿದ ಕಲ್ಲಿನ ಸ್ಮಾರಕದಲ್ಲಿ ಆ ಯುದ್ಧದಲ್ಲಿ ಸತ್ತ ಜಪಾನೀಯರು, ಒಕಿನಾವದವರು, ಕೊರಿಯದವರು, ಅಮೆರಿಕನ್ನರು ಎಂಬ ಭೇದವಿಲ್ಲದೆ ೨,೪೦,೦೦೦ಕ್ಕೂ ಮಿಕ್ಕಿ ಹೆಸರುಗಳಿವೆ. ಓತ ೨೦೧೭ರಲ್ಲಿ ತೀರಿಕೊಂಡರು. ಅದೇ ದ್ವೀಪಮಾಲೆಯ ಯೊನಗುನಿ, ಮಿಯಾಕೊ, ಇಶಿಗಾಕಿಗಳಲ್ಲಿ ೨೦೧೬ರಿಂದ ೨೦೨೩ರೊಳಗೆ ಒಂದಾದ ಮೇಲೊಂದರಂತೆ ಜಪಾನೀ ಸೈನ್ಯದ ಠಾಣ್ಯಗಳು ಎದ್ದಿವೆ.

ಇವರೆಲ್ಲ ತಾವು ಪಟ್ಟ ಕಷ್ಟ ಹೇಳಿಕೊಂಡವರು. ತಾವು ಕೊಟ್ಟ ಕಷ್ಟ ಹೇಳಿಕೊಂಡವರು ಬೇರೆ ಇದ್ದಾರೆ. ಅವರ ಮಾತು ಇದಕ್ಕಿಂತಲೂ ಭಾರ.

ಯುದ್ಧ ಮುಗಿದ ಮೇಲೆ ಸುಮಾರು ೧,೧೦೦ ಜಪಾನೀ ಸೈನಿಕರನ್ನೂ ಅಧಿಕಾರಿಗಳನ್ನೂ ಚೀನ ಸರಕಾರ ಯುದ್ಧಾಪರಾಧಿಗಳೆಂದು ಫುಶುನ್ ಮತ್ತು ತೈಯುವಾನ್ ಸೆರೆಮನೆಗಳಲ್ಲಿಟ್ಟಿತು. ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಮಾಡಿದ್ದನ್ನು ಬರೆಯಿರಿ ಎಂದಿತು. ೧೯೫೬ರಲ್ಲಿ ೪೫ ಮಂದಿಗೆ ಮಾತ್ರ ಶಿಕ್ಷೆಯಾಯಿತು, ಯಾರಿಗೂ ಮರಣದಂಡನೆಯಿಲ್ಲ, ಸಾವಿರಕ್ಕೂ ಹೆಚ್ಚು ಜನರನ್ನು ಮೊಕದ್ದಮೆಯಿಲ್ಲದೆ ಮನೆಗೆ ಕಳುಹಿಸಿದರು. ಇದರಲ್ಲಿ ಚೀನಕ್ಕೆ ರಾಜಕೀಯ ಲಾಭವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಮನೆಗೆ ಬಂದವರು ೧೯೫೭ರಲ್ಲಿ ಒಂದು ಸಂಘ ಕಟ್ಟಿಕೊಂಡು, ಯಾರ ಕಾವಲೂ ಇಲ್ಲದ ತಮ್ಮ ಊರಿನಲ್ಲಿ, ೨೦೦೨ರಲ್ಲಿ ವಯಸ್ಸಾಗಿ ಸಂಘವನ್ನು ಮುಚ್ಚುವವರೆಗೂ, ಹಳ್ಳಿ ಸುಟ್ಟದ್ದನ್ನು, ಹೆಂಗಸರನ್ನು ಕೆಡಿಸಿದ್ದನ್ನು, ಕಟ್ಟಿಹಾಕಿದ ರೈತರನ್ನು ಬಯೊನೆಟ್ಟಿನಿಂದ ತಿವಿದು ಹೊಸ ಸಿಪಾಯಿಗಳು ಅಭ್ಯಾಸ ಮಾಡಿದ್ದನ್ನು ಹೇಳುತ್ತ ಹೋದರು. ತಲೆಗೆ ಚೀನೀಯರು ತುಂಬಿ ಕಳುಹಿಸಿದ್ದಾರೆಂದು ಜನ ಹಳಿದರು. ಕೆಲಸ ಸಿಗಲಿಲ್ಲ. ಪೊಲೀಸರು ಹಿಂದೆ ಬಿದ್ದರು. ಕೆನ್ ಯುವಾಸ ಎಂಬ ಡಾಕ್ಟರು, ಶಾನ್ಸಿ ಪ್ರಾಂತದ ಸೈನಿಕ ಆಸ್ಪತ್ರೆಯಲ್ಲಿ ಜೀವಂತ ಸೆರೆಯಾಳುಗಳ ಮೈ ಕೊಯ್ದು ಶಸ್ತ್ರಚಿಕಿತ್ಸೆ ಕಲಿತೆವೆಂಬುದನ್ನು ೨೦೧೦ರಲ್ಲಿ ಸಾಯುವವರೆಗೂ ಬಾಯಿಬಿಟ್ಟು ಹೇಳಿದರು. ಆತನ ಜೊತೆಯಲ್ಲಿ ಕತ್ತಿ ಹಿಡಿದಿದ್ದ ಬೇರೆಯವರು ಬಾಯಿ ಮುಚ್ಚಿಕೊಂಡು ದವಾಖಾನೆ ನಡೆಸಿದರು.

ಯೊಶಿಯೊ ಶಿನೊಜುಕ ಎಂಬವರು ಹದಿನೈದು ಹದಿನಾರರ ಹುಡುಗನಾಗಿದ್ದಾಗ ರೋಗಾಣುಗಳನ್ನು ಆಯುಧ ಮಾಡುತ್ತಿದ್ದ ೭೩೧ನೆಯ ಪಡೆಗೆ ಸೇರಿಸಲ್ಪಟ್ಟವರು. ಮುದುಕನಾಗಿ ೧೯೯೮ರಲ್ಲಿ ಅಮೆರಿಕಕ್ಕೆ ಹೋಗಿ ತಾನು ಮಾಡಿದ್ದನ್ನು ಹೇಳಲು ಹೊರಟರು. ಯುದ್ಧಾಪರಾಧಿಗೆ ಪ್ರವೇಶವಿಲ್ಲವೆಂದು ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಅಟ್ಟಿದರು. ಆ ಪಡೆಯ ಯಜಮಾನ ಶಿರೊ ಇಶಿಗೆ ಇದೇ ಅಮೆರಿಕ, ಪ್ರಯೋಗಗಳ ಲೆಕ್ಕಪತ್ರಕ್ಕೆ ಬದಲಾಗಿ, ವಿಚಾರಣೆಯಿಂದಲೇ ವಿನಾಯಿತಿ ಕೊಟ್ಟಿತ್ತು. ಆತ ೧೯೫೯ರಲ್ಲಿ ತನ್ನ ಹಾಸಿಗೆಯಲ್ಲಿ ಸತ್ತ. ಯಜಮಾನನಿಗೆ ಕ್ಷಮೆ, ಸತ್ಯ ಹೇಳಿದ ಆಳಿಗೆ ಬಾಗಿಲು! ಶಿನೊಜುಕ ಟೋಕಿಯೊ ನ್ಯಾಯಾಲಯದಲ್ಲಿ ಚೀನೀ ಸಂತ್ರಸ್ತರ ಪರವಾಗಿ ಸಾಕ್ಷಿ ನುಡಿದರು. ೨೦೦೨ರಲ್ಲಿ ನ್ಯಾಯಾಲಯ ರೋಗಾಣು ಯುದ್ಧ ನಡೆದದ್ದು ನಿಜವೆಂದಿತು, ಪರಿಹಾರ ಮಾತ್ರ ಇಲ್ಲವೆಂದಿತು.

ಹಳೆಯ ಸಿಪಾಯಿಗಳೆಲ್ಲರೂ ಒಂದೇ ದನಿಯಲ್ಲಿ ಮಾತಾಡಿದರೆಂದು ನಾವು ಬರೆದರೆ ಅದು ಸುಳ್ಳು. ನೌಕಾಸೇನೆಯಲ್ಲಿ ಅಧಿಕಾರಿಯಾಗಿದ್ದ ಯಸುಹಿರೊ ನಕಸೊನೆ, ರಾಜ್ಯಾಂಗವನ್ನು ತಿದ್ದಬೇಕೆಂದು ೨೦೧೯ರಲ್ಲಿ ೧೦೧ನೆಯ ವಯಸ್ಸಿನಲ್ಲಿ ಸಾಯುವವರೆಗೂ ಹೇಳಿದರು. ಪ್ರಧಾನಿಯಾಗಿದ್ದಾಗ ೧೯೮೭ರ ಬಜೆಟ್ಟಿನಲ್ಲಿ ನೂರಕ್ಕೆ ಒಂದರ ಮಿತಿಯನ್ನು ಮೊದಲು ಮುರಿದವರು ಅವರೇ. ಯುದ್ಧ ಮುಗಿದು ೨೯ ವರ್ಷವಾದರೂ ಫಿಲಿಪ್ಪೀನ್ಸಿನ ಕಾಡಿನಲ್ಲಿ ಬಂದೂಕು ಹಿಡಿದು ಅಡಗಿದ್ದ ಹಿರೂ ಒನೊದ ಊರಿಗೆ ಬಂದ ಮೇಲೆ ಬಲಪಂಥೀಯರ ಕಣ್ಮಣಿಯಾದರು. ೧೯೫೩ರಲ್ಲಿ ಮತ್ತೆ ಜಾರಿಗೆ ಬಂದ ಸೈನಿಕ ಪಿಂಚಣಿಯ ಹಂಗಿನಲ್ಲಿ ಪಿಂಚಣಿದಾರರ ಸಂಘಗಳು ಆಳುವ ಪಕ್ಷದ ಮತಪೆಟ್ಟಿಗೆಯಾಗಿದ್ದುದೂ ಉಂಟು. ಆ ಪಿಂಚಣಿಯ ನ್ಯಾಯವನ್ನಾದರೂ ನೋಡಿರಿ: ಜನರಲ್ಲಿಗೆ ಹೆಚ್ಚು, ಸಿಪಾಯಿಗೆ ಕಡಮೆ, ಜಪಾನಿಗಾಗಿ ಕಾದಾಡಿದ ಕೊರಿಯ ಮತ್ತು ತೈವಾನಿನವರು ಈಗ ಪರದೇಶಿಗಳೆಂದು ಅವರಿಗೆ ಇಲ್ಲವೇ ಇಲ್ಲ, ಬಾಂಬಿನಲ್ಲಿ ಬೆಂದ ಟೋಕಿಯೊ ನಗರದ ಸಾಮಾನ್ಯ ಜನಕ್ಕೆ ಕಾಸೂ ಇಲ್ಲ.

ಆದರೂ ಆಳುವ ಪಕ್ಷದೊಳಗೇ ಯುದ್ಧ ಕಂಡ ಕೆಲವರು ಹಗ್ಗ ಬಿಡಲಿಲ್ಲ. ಇದನ್ನು ಎದುರಾಳಿಯ ಪುಣ್ಯವೆಂದು ಮುಚ್ಚಿಡುವುದು ನಮ್ಮ ರೀತಿಯಲ್ಲ. ೧೯೮೭ರಲ್ಲಿ ಅಮೆರಿಕದ ಒತ್ತಾಯಕ್ಕೆ ನಕಸೊನೆ ಪರ್ಷಿಯನ್ ಕೊಲ್ಲಿಗೆ ಹಡಗು ಕಳುಹಿಸಹೊರಟಾಗ, ಅವರದೇ ಸಂಪುಟದ ಕಾರ್ಯದರ್ಶಿ ಮಸಹರು ಗೊತೊದ, ತೈವಾನಿನಲ್ಲಿ ಸೈನ್ಯದ ಅಧಿಕಾರಿಯಾಗಿದ್ದವರು, ಆ ಕಾಗದಕ್ಕೆ ತಾನು ರುಜು ಹಾಕುವುದಿಲ್ಲವೆಂದು ಕುಳಿತರು. ಹಡಗು ಹೋಗಲಿಲ್ಲ. ೧೯೪೫ರಲ್ಲಿ ಸೈನ್ಯಕ್ಕೆ ಸೆಳೆಯಲ್ಪಟ್ಟಿದ್ದ ಹಿರೊಮು ನೊನಕ, ಅದೇ ಪಕ್ಷದ ಹಿರಿಯರು, ಅಬೆಯ ಹೊಸ ಅರ್ಥವನ್ನು ಬಹಿರಂಗವಾಗಿ ಖಂಡಿಸಿದರು. ಮಂಚೂರಿಯಕ್ಕೆ ಸಿಪಾಯಿಯಾಗಿ ಹೋಗಿ ರೋಗ ಹತ್ತಿ ಮರಳಿದ್ದ ಕಕುಯೆಯಿ ತನಕ, ವಿಮಾನ ಕಂಪನಿಯ ಲಂಚ ತಿಂದು ೧೯೭೬ರಲ್ಲಿ ಬಂಧನಕ್ಕೊಳಗಾದ ಮನುಷ್ಯ, ಆತ ಕೂಡ ಯುದ್ಧ ಕಂಡವರು ಇರುವವರೆಗೆ ದೇಶಕ್ಕೆ ಭಯವಿಲ್ಲ, ಅವರು ಹೋದ ಮೇಲೆ ಭಯವಿದೆ ಎನ್ನುತ್ತಿದ್ದನೆಂದು ಆತನ ಹಿಂಬಾಲಕರು ನೆನೆಯುತ್ತಾರೆ. ಲಂಚಕೋರನ ಬಾಯಲ್ಲಿ ಬಂದರೂ ಲೆಕ್ಕ ಲೆಕ್ಕವೇ. ಗೊತೊದ ಸತ್ತದ್ದು ೨೦೦೫ರಲ್ಲಿ, ಮಿಜುಕಿ ೨೦೧೫ರಲ್ಲಿ, ಹರಾದ ೨೦೧೬ರಲ್ಲಿ, ಓತ ೨೦೧೭ರಲ್ಲಿ, ನೊನಕ ಮತ್ತು ಕನೆಕೊ ೨೦೧೮ರಲ್ಲಿ. ಹಗ್ಗ ಸಡಿಲವಾದ ಇಸವಿಗಳನ್ನು ಇದರ ಪಕ್ಕದಲ್ಲಿಟ್ಟು ಓದುಗರೇ ನೋಡಿಕೊಳ್ಳಲಿ: ೨೦೧೪, ೨೦೧೫, ೨೦೨೨. ಅಬೆಯ ಕಾಲದಲ್ಲಿ ಇವರಲ್ಲಿ ಬಹುಮಂದ ಬದುಕಿದ್ದರು, ತೊಂಬತ್ತು ದಾಟಿಯೂ ಬೀದಿಗೆ, ಸಭೆಗೆ ಬಂದರು. ೨೦೨೨ರ ಮೂರು ಕಾಗದಗಳು ಬಂದಾಗ ಎದ್ದು ನಿಂತು ಬೇಡವೆನ್ನುವ ಹಳೆಯ ಸಿಪಾಯಿ ಆಳುವ ಪಕ್ಷದ ಒಳಮನೆಯಲ್ಲಿ ಉಳಿದಿರಲಿಲ್ಲ.

ನಮ್ಮವರ ತಪ್ಪನ್ನೂ ಹೇಳಿಬಿಡಬೇಕು. ಆ ಪಡೆಯೇ ರಾಜ್ಯಾಂಗ ವಿರೋಧಿಯೆಂದು ನಾಲ್ಕು ದಶಕ ಸಾರುತ್ತಿದ್ದುದು ಜಪಾನಿನ ಸಮಾಜವಾದೀ ಪಕ್ಷ. ಮೀನುಗಾರನ ಮಗ, ೧೯೪೪ರಲ್ಲಿ ಸೈನ್ಯಕ್ಕೆ ಸೆಳೆಯಲ್ಪಟ್ಟಿದ್ದ ತೊಮಿಚಿ ಮುರಯಾಮ ಆ ಪಕ್ಷದ ನಾಯಕರು. ೧೯೯೪ರಲ್ಲಿ ಹಳೆಯ ವಿರೋಧಿಗಳ ಬೆಂಬಲದಿಂದಲೇ ಪ್ರಧಾನಿಯಾದರು. ಕುರ್ಚಿಗೆ ಕುಳಿತ ತಿಂಗಳೊಳಗೆ ಪಾರ್ಲಿಮೆಂಟಿನಲ್ಲಿ ಎದ್ದು, ಪಡೆ ರಾಜ್ಯಾಂಗಬದ್ಧವೆಂದರು. ಮರುವರ್ಷ ಆಗಸ್ಟ್ ೧೫ರಂದು ಜಪಾನಿನ ಆಕ್ರಮಣಕ್ಕಾಗಿ ಏಷ್ಯದ ಜನರ ಕ್ಷಮೆ ಕೇಳಿದ್ದು ದೊಡ್ಡ ಕೆಲಸ. ಅದನ್ನು ನಾವು ಮರೆಯುವುದಿಲ್ಲ. ಆದರೆ ೧೯೯೦ರಲ್ಲಿ ಕೆಳಸಭೆಯಲ್ಲಿ ೧೩೬ ಸ್ಥಾನವಿದ್ದ ಪಕ್ಷ ೧೯೯೬ರಲ್ಲಿ ೧೫ಕ್ಕಿಳಿಯಿತು. ಕುರ್ಚಿಗಾಗಿ ಸಿದ್ಧಾಂತ ಮಾರಿದವರ ಮೇಲೆ ಜನ ಎಂದೂ ನಂಬಿಕೆಯಿಡುವುದಿಲ್ಲ. ೨೦೧೫ರಲ್ಲಿ, ೯೧ರ ವಯಸ್ಸಿನಲ್ಲಿ, ಅದೇ ಮುರಯಾಮ ಪಾರ್ಲಿಮೆಂಟಿನ ಹೊರಗೆ ಬೀದಿಯಲ್ಲಿ ನಿಂತು ಅಬೆಯ ಮಸೂದೆಗಳ ವಿರುದ್ಧ ಕೂಗಿದರು. ಒಳಗೆ ಕುಳಿತಾಗ ಬಿಟ್ಟ ಮಾತನ್ನು ಹೊರಗೆ ನಿಂತು ಹಿಡಿಯುವುದು ಎಷ್ಟು ಕಷ್ಟವೆಂದು ಅವರಿಗಿಂತ ಬಲ್ಲವರಿರಲಿಲ್ಲ. ೨೦೨೫ರ ಅಕ್ಟೋಬರಿನಲ್ಲಿ, ೧೦೧ರ ವಯಸ್ಸಿನಲ್ಲಿ ತೀರಿಕೊಂಡರು. ಅದಾದ ನಾಲ್ಕು ದಿನಕ್ಕೆ ತಕಾಯಿಚಿ ಪ್ರಧಾನಿಯಾದರು.

ಈಗ ಎದುರು ಪಕ್ಷದ ವಾದ. ಚೀನದ ನೌಕಾಬಲ ಬೆಳೆದಿದೆ; ಉತ್ತರ ಕೊರಿಯದ ಕ್ಷಿಪಣಿಗಳು ೨೦೧೭ರಲ್ಲಿ, ೨೦೨೨ರಲ್ಲಿ ಜಪಾನಿನ ನೆತ್ತಿಯ ಮೇಲೆಯೇ ಹಾರಿದವು; ಮುದುಕರ ಕಣ್ಣೀರಿನಿಂದ ಕ್ಷಿಪಣಿ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ನೆರೆಯವನು ಸಾಧುವೆಂದು ಆ ಮುದುಕರೂ ಹೇಳಲಿಲ್ಲ. ಅವರು ಹೇಳಿದ್ದು ಬೇರೆ. ೧೯೪೧ರ ಡಿಸೆಂಬರ್ ೮ರಂದು ಚಕ್ರವರ್ತಿಯ ಹೆಸರಿನಲ್ಲಿ ಸಾರಿದ ಯುದ್ಧಘೋಷಣೆಯಲ್ಲಿ ಅಮೆರಿಕವನ್ನು ಗೆಲ್ಲುವ ಮಾತಿಲ್ಲ, ಏಷ್ಯವನ್ನು ಆಳುವ ಮಾತಿಲ್ಲ. ಇದ್ದದ್ದು ದೇಶದ ಉಳಿವು, ಆತ್ಮರಕ್ಷಣೆ. ಮಂಚೂರಿಯವನ್ನು ನುಂಗಿದಾಗ ಅದು ನಮ್ಮ ಜೀವನಾಡಿ ಎಂದರು. ೨೦೧೫ರ ಕಾನೂನಿನಲ್ಲಿ ಯುದ್ಧಕ್ಕೆ ಬಾಗಿಲು ತೆರೆಯುವ ಪದ ಯಾವುದು? ‘ಉಳಿವಿಗೆ ಧಕ್ಕೆ ಬರುವ ಸಂದರ್ಭ’. ೨೦೨೫ರ ನವೆಂಬರ್ ೭ರಂದು ತಕಾಯಿಚಿಯವರು ಪಾರ್ಲಿಮೆಂಟಿನಲ್ಲಿ, ತೈವಾನಿನ ಸುತ್ತ ಯುದ್ಧನೌಕೆಗಳ ಬಲಪ್ರಯೋಗ ನಡೆದರೆ ಅದು ಅಂತಹ ಸಂದರ್ಭವಾಗಬಹುದೆಂದರು. ಉಳಿವು, ಆತ್ಮರಕ್ಷಣೆ! ಈ ಎರಡು ಪದಗಳನ್ನು ಕೇಳಿ ಹೊರಟವರೇ ಟ್ರುಕ್ಕಿನಲ್ಲಿ, ರಬೌಲಿನಲ್ಲಿ, ಕೊಹಿಮಾದ ಕೆಸರಿನಲ್ಲಿ ಹೊಟ್ಟೆಗಿಲ್ಲದೆ ಸತ್ತದ್ದು. ಯಾವ ಸಂದರ್ಭ ಉಳಿವಿನದು, ಯಾವುದಲ್ಲ ಎಂಬುದನ್ನು ಅಂದೂ ನಾಲ್ಕು ಜನ ಬಾಗಿಲು ಮುಚ್ಚಿ ತೀರ್ಮಾನಿಸಿದರು. ಕಾನೂನು ಪಾರ್ಲಿಮೆಂಟಿನ ಒಪ್ಪಿಗೆ ಬೇಕೆನ್ನುತ್ತದೆ, ನಿಜ. ಅವಸರವಿದ್ದರೆ ಆಮೇಲೆ ಪಡೆದರೂ ಆದೀತೆಂದು ಅದೇ ಕಾನೂನು ಹೇಳುತ್ತದೆ.

ಅಂದ ಹಾಗೆ, ಅಬೆಯ ಬಳಗ ನಮ್ಮ ದೇಶದ ಒಬ್ಬರ ಹೆಸರನ್ನು ಬಹಳ ಬಳಸುತ್ತದೆ: ನ್ಯಾಯಮೂರ್ತಿ ರಾಧಾವಿನೋದ ಪಾಲರು. ೧೯೪೮ರ ಟೋಕಿಯೊ ತೀರ್ಪಿನಲ್ಲಿ ಆರೋಪಿಗಳೆಲ್ಲ ನಿರ್ದೋಷಿಗಳೆಂದು ಅವರು ಬೇರೆ ಅಭಿಪ್ರಾಯ ಬರೆದರೆಂದು, ಯುದ್ಧಾಪರಾಧಿಗಳನ್ನೂ ಪೂಜಿಸುವ ಯಾಸುಕುನಿ ಗುಡಿಯಲ್ಲಿ ೨೦೦೫ರಲ್ಲಿ ಅವರಿಗೊಂದು ಸ್ಮಾರಕ ನಿಲ್ಲಿಸಿದ್ದಾರೆ. ಪಾಲರು ಕೇಳಿದ್ದು ಗೆದ್ದವರಿಗೆ ಸೋತವರ ಮೇಲೆ ತೀರ್ಪು ಕೊಡುವ ಅಧಿಕಾರ ಎಲ್ಲಿಂದ ಬಂತೆಂದು. ನಾನ್ಕಿಂಗಿನಲ್ಲಿ ನಡೆದ ಕ್ರೌರ್ಯ ನಡೆಯಲೇ ಇಲ್ಲವೆಂದು ಅವರು ಬರೆಯಲಿಲ್ಲ. ಆ ಪುಟಗಳನ್ನು ಗುಡಿಯವರು ತಿರುವಿ ಹಾಕುವುದಿಲ್ಲ.

ಇನ್ನು ದುಡ್ಡಿನ ಮಾತು; ಅಂಗಡಿ ಬಂಧುಗಳು ಗಮನವಿಟ್ಟು ಓದಲಿ. ೪೩ ಲಕ್ಷ ಕೋಟಿ ಎಲ್ಲಿಂದ ಬರಬೇಕು? ೨೦೨೨ರ ಡಿಸೆಂಬರಿನಲ್ಲಿಯೇ ದಾರಿ ತೋರಿಸಿದರು: ಕಂಪನಿಗಳ ತೆರಿಗೆ, ವರಮಾನ ತೆರಿಗೆ, ಹೊಗೆಸೊಪ್ಪಿನ ತೆರಿಗೆ. ಅದರಲ್ಲೊಂದು ಕೈಚಳಕ ನೋಡಿರಿ. ೨೦೧೧ರ ಭೂಕಂಪ ಸುನಾಮಿಯಲ್ಲಿ ಮನೆಮಠ ಕಳೆದುಕೊಂಡವರ ಪುನರ್ವಸತಿಗೆಂದು ವರಮಾನದ ಮೇಲೆ ವಿಶೇಷ ತೆರಿಗೆಯೊಂದಿತ್ತು. ಅದನ್ನು ಒಂದು ಪಾಲು ಇಳಿಸಿ, ಅಷ್ಟನ್ನೇ ಸೈನ್ಯದ ಹೆಸರಿನಲ್ಲಿ ಏರಿಸಿ, ಪುನರ್ವಸತಿ ತೆರಿಗೆಯ ವರ್ಷಗಳನ್ನು ಮುಂದಕ್ಕೆ ಎಳೆಯುವ ಯೋಜನೆ. ಜನರ ಜೇಬಿಗೆ ಭಾರ ಹೆಚ್ಚಾಗದಂತೆ ಕಾಣಬೇಕು, ಹಣ ಮಾತ್ರ ಮನೆ ಕಟ್ಟುವ ಗಂಟಿನಿಂದ ಕ್ಷಿಪಣಿಯ ಗಂಟಿಗೆ ಹರಿಯಬೇಕು. ಹರಾದರು ಹಾರಿಸಿದ ಜೀರೊ ವಿಮಾನವನ್ನು ಮಾಡಿದ್ದು ಮಿತ್ಸುಬಿಷಿ. ಇಂದು ಬ್ರಿಟನ್ ಇಟಲಿಗಳ ಜೊತೆಗೂಡಿ ಜಪಾನು ತಯಾರಿಸಹೊರಟಿರುವ ಹೊಸ ಯುದ್ಧವಿಮಾನದಲ್ಲಿ ಜಪಾನಿನ ಕಡೆಯ ಮುಖ್ಯ ಕಂಪನಿಯೂ ಮಿತ್ಸುಬಿಷಿಯ ಮನೆತನದ್ದೇ. ಆ ವಿಮಾನವನ್ನು ಬೇರೆ ದೇಶಗಳಿಗೆ ಮಾರಬಹುದೆಂದು ೨೦೨೪ರ ಮಾರ್ಚಿಯಲ್ಲಿ ಮಂತ್ರಿಮಂಡಲ ತೀರ್ಮಾನಿಸಿತು. ಹರಾದರ ವಿಮಾನದ ಲಾಭ ಹರಾದರಿಗೆ ಬರಲಿಲ್ಲ. ಅವರಿಗೆ ಬಂದದ್ದು ಸತ್ತವರ ಮುಖಗಳು.

ಹಣ ಸಿಕ್ಕಿತು, ಆಯುಧ ಸಿಕ್ಕಿತು. ಸಿಗದಿರುವುದು ಒಂದೇ. ೨೦೧೮ರಲ್ಲಿ ಪಡೆಗೆ ಸೇರುವ ವಯಸ್ಸಿನ ಮಿತಿಯನ್ನು ೨೬ರಿಂದ ೩೨ಕ್ಕೆ ಏರಿಸಿದರು. ಸಂಬಳ ಏರಿಸುವ ಮಾತಾಡಿದರು, ಕೂದಲು ಬಿಡುವ ನಿಯಮವನ್ನೂ ಸಡಿಲಿಸಿದರು. ೨೦೨೩ರ ಆರ್ಥಿಕ ವರ್ಷದಲ್ಲಿ ೧೯,೦೦೦ಕ್ಕೂ ಮಿಕ್ಕಿ ಜನ ಬೇಕೆಂದು ಕರೆ ಕೊಟ್ಟರೆ ಬಂದವರು ಅದರ ಅರ್ಧದಷ್ಟು ಮಾತ್ರ.